ಏಣಿಯಕ್ಕನ ಏಳನೆಯ ಮೆಟ್ಟಿಲು

ಓಣಿಯವರಿಗೆಲ್ಲ ಅವಳು ಏಣಿಯಕ್ಕ. ಗಂಡ ಮರದ ಏಣಿ ಮಾಡುವ ಬಡಗಿ. ಗಿರಾಕಿಯ ಕಣ್ಣೆದುರು ಇವಳು ತುದಿಯವರೆಗೆ ಹತ್ತಿ ಇಳಿಯದೆ ಒಂದು ಏಣಿಯೂ ಅಂಗಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಆಳು ದಪ್ಪ. "ನಮ್ಮನೆಯವಳನ್ನ ಹೊತ್ತ ಏಣಿ ಆನೆಯನ್ನೂ ಹೊರುತ್ತೆ" ಎಂದು ಗಂಡ ನಗಿಸುತ್ತಿದ್ದ. ಹೀಗೆ ಇಪ್ಪತ್ತೆರಡು ವರ್ಷ ಹತ್ತಿದ್ದಳು. ಎತ್ತರವೆಂದರೆ ತನಗೆ ಜೀವ ಬಾಯಿಗೆ ಬರುತ್ತದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಐವತ್ತು ತುಂಬುವ ಹೊತ್ತಿಗೆ ಅವಳಿಗೆ ಇಂಗ್ಲಿಷ್ ಕಲಿಯುವ ಹುಚ್ಚು ಹಿಡಿಯಿತು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸಂಜೆಯ ತರಗತಿ. ಮೂರು ತಿಂಗಳಾದರೂ ತುಟಿ ಪಿಟಕ್ಕೆನ್ನಲಿಲ್ಲ. ಒಂದು ದಿನ ಟೀಚರ್ ಹಲಗೆಯ ಮೇಲೆ ಬರೆದರು: 'ಶೋ ವಾಟ್ ಯು ಆರ್ ಮೇಡ್ ಆಫ್'.

"ನೀವು ಯಾವುದರಿಂದ ಆದವರು ಅಂತ ತೋರಿಸಿ ಅಂತ ಇದರ ಅರ್ಥ. ಕಷ್ಟದ ಹೊತ್ತಲ್ಲಿ ನಿಮ್ಮ ಗಟ್ಟಿತನ ಕಾಣಲಿ ಅನ್ನೋದಕ್ಕೆ ಹೇಳ್ತಾರೆ. ನಮ್ಮಲ್ಲಿ ಒರೆಗೆ ಹಚ್ಚೋದು ಅಂತೀವಲ್ಲ, ಹಾಗೆ. ನಾಳೆ ಎಲ್ಲರೂ ನಿಮ್ಮದೇ ಉದಾಹರಣೆ ಇಂಗ್ಲಿಷಲ್ಲಿ ಹೇಳಬೇಕು. ಹೇಳಿದವರಷ್ಟೇ ಮುಂದಿನ ತರಗತಿಗೆ."

ಮನುಷ್ಯ ಯಾವುದರಿಂದ ಆದವನು? ದಾರಿಯುದ್ದಕ್ಕೂ ಅದೇ ಹುಳ ತಲೆ ಕೊರೆಯಿತು. ಪಕ್ಕದಂಗಡಿಯ ದರ್ಜಿಯನ್ನು ಕೇಳಿದರೆ ತೋಳು ಮಡಚಿ ಉಬ್ಬಿಸಿ ತೋರಿಸಿದ. ನಿಂಬೆಹಣ್ಣಿನಷ್ಟೂ ಉಬ್ಬಲಿಲ್ಲ.

"ನಿನ್ನ ಏಣಿ ಹತ್ತೋದನ್ನೇ ಹೇಳು" ಎಂದ ಗಂಡ, ಮರ ಹೆರೆಯುತ್ತ.

"ಅದ್ರಿಂದ ಏಣಿ ಗಟ್ಟಿ ಅಂತ ಗೊತ್ತಾಗುತ್ತೆ ಕಣ್ರೀ, ನಾನಲ್ಲ."

ಅವನು ಉಜ್ಜುಗೊರಡು ಕೆಳಗಿಟ್ಟ. "ಏಣಿ ಗಟ್ಟಿ ಅಂತ ನಂಗೆ ಮೊದಲೇ ಗೊತ್ತಿರುತ್ತೆ. ನೀನು ಬರೋದ್ರೊಳಗೆ ಮರಳು ಮೂಟೆ ಹೊತ್ಕೊಂಡು ಎರಡು ಸಲ ಹತ್ತಿರ್ತೀನಿ."

"ಮತ್ತೆ ನನ್ನನ್ಯಾಕೆ ಹತ್ತಿಸ್ತೀರಿ?"

"ಗಿರಾಕಿ ನಂಬಲಿ ಅಂತ. ಏಳನೇ ಮೆಟ್ಟಿಲಿಗೆ ಬಂದಾಗ ನಿನ್ನ ಕಾಲು ನಡುಗೋದು ಕೆಳಗೆ ಏಣಿ ಹಿಡಿದು ನಿಂತ ನಂಗೆ ಕಾಣಲ್ವಾ? ಇವತ್ತು ಸಾಕು ಅಂತಾಳೆ ಅಂತ ಪ್ರತಿ ಸಲ ಅಂದ್ಕೋತೀನಿ. ನೀನು ಎಂಟನೇದಕ್ಕೆ ಕಾಲಿಡ್ತೀಯ."

ಅವಳಿಗೆ ಮೈ ಉರಿಯಿತು. ಇಪ್ಪತ್ತೆರಡು ವರ್ಷದ ಭಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತಲ್ಲ! ರಾತ್ರಿಯ ಊಟ ಮುಗಿಯುವವರೆಗೆ ಅವನೊಡನೆ ಮಾತು ಬಿಟ್ಟಳು. ಆದರೆ ನಡುಗುತ್ತಲೇ ಎಂಟನೆಯದಕ್ಕೆ ಕಾಲಿಡುವ ತಾನು ಎಂಥವಳು ಎಂಬ ಕುತೂಹಲ ಸಿಟ್ಟಿಗಿಂತ ದೊಡ್ಡದಾಗಿತ್ತು.

ಮರುದಿನ ಸರದಿ ಬಂತು. ಎದ್ದು, ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು. ಗಂಡ ಏಣಿ ಮಾಡುತ್ತಾನೆ, ನಾನು ಹತ್ತುತ್ತೇನೆ, ನನಗೆ ತುಂಬ ಭಯ ಎಂದು ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಮಾತು ನಿಂತುಹೋಯಿತು. ಯಾರೋ ಕೆಮ್ಮಿದರು. ಮಂಡಿ ನಡುಗುತ್ತಿತ್ತು. ಈ ನಡುಕ ಅವಳಿಗೆ ಹೊಸದಲ್ಲ, ಇದು ಏಳನೆಯ ಮೆಟ್ಟಿಲು.

"ಸ್ಟಿಲ್, ಐ ಕ್ಲೈಂಬ್" ಎಂದಳು.