ಸೋಮವಾರ ಹೂಡದ ಟಾಂಗಾ

ಸೋಲಾಪುರದ ಕೋಟೆ ಬಾಗಿಲ ಬಳಿಯ ಫಲಕದ ಮೇಲೆ ನನ್ನ ವಿಷಯದಲ್ಲಿ ಸುಳ್ಳು ಬರೆಸಿದ್ದಾರೆ. ಮರಾಠಿಯಲ್ಲಿ, ಹಳದಿ ಅಕ್ಷರಗಳಲ್ಲಿ: ಕುದುರೆಗೆ ಆಗುತ್ತಿದ್ದ ಹಿಂಸೆಯನ್ನು ಕಂಡು, ದಯೆಯಿಂದ, ಟಾಂಗಾ ಸುತ್ತನ್ನು ನಿಲ್ಲಿಸಲಾಗಿದೆ. ಅಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗುತ್ತಿದ್ದುದು ಒಂದೇ ಟಾಂಗಾ. ಅದು ನನ್ನದು. ಹೀಗಾಗಿ ಹಿಂಸೆ ಮಾಡಿದವನ ಹೆಸರು ಬರೆಸುವ ಅಗತ್ಯವೂ ಅವರಿಗೆ ಬೀಳಲಿಲ್ಲ.

ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಕೋಟೆಯಿಂದ ಹೊರಟು, ಕೆರೆಯ ಅಂಚು ಹಿಡಿದು, ನೀರಿನ ನಡುವಿನ ಗುಡಿಗೆ ಹೋಗುವ ದಾರಿಯ ತನಕ ನನ್ನ ಸುತ್ತು. ಬುರುಜು ತೋರಿಸಿ, ಗುಡಿ ತೋರಿಸಿ, ಅಕ್ಕಲಕೋಟಕ್ಕೆ ಹೋಗುವ ಯಾತ್ರಿಕರಿಗೆ ಬಸ್ಸು ಎಲ್ಲಿ ಸಿಗುತ್ತದೆಂದೂ ಹೇಳಿ ಇಳಿಸುತ್ತಿದ್ದೆ. ಏರು ಬಂದಲ್ಲಿ ನಾನೇ ಇಳಿದು ನಡೆಯುತ್ತಿದ್ದೆ. ನಾನು ಅಕ್ಕಲಕೋಟ ತಾಲೂಕಿನ ವಾಗದರಿಯ ಒಕ್ಕಲು ಮನೆತನದವನು. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಊರು ಬಿಟ್ಟು ಟಾಂಗಾ ಹಿಡಿದ ಮೇಲೆ ಆ ನೇಮವನ್ನು ಕುದುರೆಗೂ ನಡೆಸಿದೆ. ಮೈ ತಿಕ್ಕಿಸಿಕೊಂಡು ಬೇವಿನ ನೆರಳಲ್ಲಿ ನಿಲ್ಲುವುದಷ್ಟೇ ಅದರ ಸೋಮವಾರದ ಕೆಲಸ.

ಆಮೇಲೆ ಸುತ್ತು ನಡೆಸಲು ಒಂದು ಮಂಡಳಿ ಬಂತು. ಅದರ ಮ್ಯಾನೇಜರು ನಮ್ಮ ತಾಲೂಕಿನವನೇ. ಒಂದು ಭಾನುವಾರ ಸಂಜೆ ನನ್ನ ಬಳಿ ಬಂದ.

"ಕಾಕಾ, ನಾಳಿ ಸೋಮವಾರ. ಗುಡಿಗೆ ಗರ್ದಿ ಭಾಳ ಇರ್ತದ. ಗಾಡಿ ಹೂಡ್ರಿ."

"ಸೋಮವಾರ ನಾವು ಹೂಡಂಗಿಲ್ಲಪಾ. ನಿಮ್ಮಪ್ಪನ್ನ ಕೇಳು, ಗೊತ್ತದ ಅವರಿಗೆ."

"ಅದು ಎತ್ತಿಗೆ ರೀ. ಇದು ಕುದುರಿ."

"ಕುದುರಿಗೇನು ಬೆನ್ನಿಲ್ಲೇನು?"

"ಹಂಗಾದ್ರ ಅದರ ಕಡಿಂದ ರಜಾ ಅರ್ಜಿ ಕೊಡಸ್ರಿ!" ಎಂದು ನಕ್ಕ. "ಮಂಡಳಿ ಸಾಹೇಬ್ರಿಗೆ ದಿನಾ ಗಾಡಿ ಬೇಕು. ಆಗಂಗಿಲ್ಲಂದ್ರ ಬರಬ್ಯಾಡ್ರಿ."

"ಬರಂಗಿಲ್ಲ ಅಂತ ಯಾರು ಹೇಳ್ಯಾರ? ಮಂಗಳವಾರ ಬರ್ತೀನಿ."

ಮಂಗಳವಾರ ಹೋದೆ. ಟಾಂಗಾ ನಿಲ್ಲುವ ಜಾಗಕ್ಕೆ ಅಡ್ಡಗಂಬಿ ಹಾಕಿಸಿದ್ದರು. ಕೆಲವೇ ವಾರಗಳಲ್ಲಿ ಅಲ್ಲಿ ಬ್ಯಾಟರಿ ಗಾಡಿ ಬಂದು ನಿಂತಿತು. ಅದರ ಮೂತಿಗೆ ಪ್ಲಾಸ್ಟಿಕ್ಕಿನ ಕುದುರೆ ತಲೆ. ಅದಾದ ಕೂಡಲೇ ಕೋಟೆ ಬಾಗಿಲಿಗೆ ಆ ಫಲಕವೂ ಬಂತು. ಮರಾಠಿ ಸಾಲೆಗೆ ಹೋಗುವ ನನ್ನ ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿ ನನ್ನ ಮುಖ ನೋಡಿದಳು. "ಅಜ್ಜಾ, ನೀ ಕುದುರಿಗಿ ಹೊಡೀತಿದ್ದಿ?"

ಟಾಂಗಾ ಹೋದದ್ದನ್ನು ಸಹಿಸಿಯೇನು. ಆ ಪ್ರಶ್ನೆಯನ್ನು ಸಹಿಸಲಾರೆ.

ಆದ್ದರಿಂದ ಈಗ ಪ್ರತಿ ಸೋಮವಾರ ಕುದುರೆಯನ್ನು ಬರಿಮೈಯಲ್ಲಿ ನಡೆಸಿಕೊಂಡು ಹೋಗಿ, ಆ ಫಲಕದ ಕೆಳಗೇ ನಿಲ್ಲುತ್ತೇನೆ. ಸಾಲೆ ಬಿಟ್ಟ ಮೇಲೆ ಮೊಮ್ಮಗಳೂ ಬಂದು ನಿಲ್ಲುತ್ತಾಳೆ. ಗುಡಿಗೆ ಹೋಗುವವರು ಮೊದಲು ಫಲಕ ಓದುತ್ತಾರೆ, ಆಮೇಲೆ ಕುದುರೆಯ ಬೆನ್ನು ನೋಡುತ್ತಾರೆ. ಅಲ್ಲಿ ಒಂದು ಗೀರೂ ಇಲ್ಲ.

ಮೊನ್ನೆ ಮ್ಯಾನೇಜರು ಓಡಿಬಂದ. "ಕಾಕಾ, ಇಲ್ಲಿ ಧಂದಾ ಮಾಡಾಕ ಪರವಾನಗಿ ಇಲ್ಲ!"

"ಧಂದಾ ಎಲ್ಲದ? ಇವತ್ತ ಇದಕ್ಕ ರಜಾ. ತಿರಗಾಡಾಕ ಬಂದದ."

ನಿಂತವರೆಲ್ಲ ನಕ್ಕರು. ಅವನು ಪ್ಲಾಸ್ಟಿಕ್ ಕುದುರೆಯ ಕಡೆ ಹೊರಟುಹೋದ.

ಮಂಡಳಿಯ ಹಿರಿಯರೇ, ದಯೆ ನಿಮ್ಮದೆಂದು ಬರೆಸಿದ್ದೀರಿ. ಹಾಗಾದರೆ ಆ ಭಾನುವಾರ ಸಂಜೆ, ಈ ಕುದುರೆಗಿದ್ದ ಒಂದೇ ಒಂದು ವಿಶ್ರಾಂತಿಯ ದಿನವನ್ನು ಕಿತ್ತುಕೊಳ್ಳಲು ನನ್ನ ಬಳಿಗೆ ಆಳು ಕಳಿಸಿದವರು ಯಾರು?