ಬೇಲಿಯಂಚಿನ ಹಬೆ

ಅಣ್ಣ ತೀರಿಕೊಂಡು ಎರಡು ತಿಂಗಳಾಯಿತು. ಅವನ ಬಗ್ಗೆ ಬರೆಯಲು ಕೂತರೆ ಆಸ್ಪತ್ರೆಯ ದಿನಗಳು ನೆನಪಾಗುವುದಿಲ್ಲ. ಎಪ್ಪತ್ತರ ದಶಕದ ಒಂದು ಚಳಿಯ ಬೆಳಿಗ್ಗೆಯೇ ಕಣ್ಣ ಮುಂದೆ ಬರುತ್ತದೆ.

ಆಗ ಮಲ್ಲಂದೂರಿನ ಹತ್ತಿರ ನಮಗೆ ಮೂರೆಕರೆ ಕಾಫಿ ತೋಟವಿತ್ತು. ಅಣ್ಣ ಬೋರ್‌ವೆಲ್ ಲಾರಿಯಲ್ಲಿ ನೆಲ ಕೊರೆಯುವ ಕೆಲಸ ಕಲಿತಿದ್ದ. ದೂರದ ಲಡಾಖಿನಲ್ಲಿ ಬಿಸಿನೀರಿನ ಬುಗ್ಗೆಗಳ ಪಕ್ಕ ಭೂಮಿ ಕೊರೆದು, ಒಳಗಿನ ಹಬೆಯಿಂದ ಕರೆಂಟು ತೆಗೆಯಬಹುದೇ ಎಂದು ನೋಡುತ್ತಿದ್ದರು. ಅಲ್ಲಿಗೆ ಬರುವಂತೆ ಅವನಿಗೆ ಕಾಗದ ಬಂದಿತ್ತು. ಅಪ್ಪ ಒಪ್ಪಿರಲಿಲ್ಲ. ಅಪ್ಪನ ಮಾತು ಮೀರಿ ಹೋಗುವವನಲ್ಲ ಅವನು. ಅವನು ಹೋಗಬಾರದೆಂದು ನನಗೂ ಆಸೆ.

ಅವತ್ತು ಸೌದೆಗೆ ಹೋದವಳು ಪಕ್ಕದ ಎಸ್ಟೇಟಿನ ಬೇಲಿಯಂಚಿಗೆ, ನಮ್ಮ ಕಡೆಯ ತಗ್ಗಿನಲ್ಲಿ ನೆಲದಿಂದ ಹಬೆ ಏಳುವುದನ್ನು ಕಂಡೆ. ಕಾಲಿಟ್ಟರೆ ಬೆಚ್ಚಗಿತ್ತು. ಮನೆಗೆ ಓಡಿದೆ.

"ಅಣ್ಣಾ, ನಿನ್ನ ಲಡಾಖು ಇಲ್ಲೇ ಇದೆ, ಬಾ!"

ಅವನು ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಬಂದ. ನೆಲಕ್ಕೆ ಅಂಗೈ ಒತ್ತಿ, "ಅಪ್ಪಾ, ಗುದ್ದಲಿ ತಗೊಂಡ್ ಬನ್ನಿ!" ಎಂದು ಕಿರುಚಿದ.

ಅಪ್ಪನಿಗೆ ಎಲ್ಲರಿಗಿಂತ ಹೆಚ್ಚು ಹುಮ್ಮಸ್ಸು. "ನಮ್ಮಲ್ಲೇ ಸಿಕ್ತಲ್ಲ, ಇನ್ಯಾಕೆ ಅಲ್ಲಿಗೆ ಹೋಗ್ತೀಯ? ಮೊದ್ಲು ನಮ್ಮನೆಗೆ ಲೈಟು. ಎಸ್ಟೇಟಿನವ್ರು ಬಂದು ನಮಗೂ ಕರೆಂಟು ಕೊಡಿ ಅಂದ್ರೆ ಆಮೇಲೆ ನೋಡಣ" ಎನ್ನುತ್ತಾ ಅಗೆದೇ ಅಗೆದರು.

ಮೊಣಕಾಲುದ್ದ ಅಗೆದಾಗ ಗುದ್ದಲಿಗೆ ಕಪ್ಪು ಲೋಳೆ ಅಂಟಿ ಬಂತು. ಹುಳಿ ವಾಸನೆ. ಅಷ್ಟರಲ್ಲಿ ಎಸ್ಟೇಟಿನ ಮೇಸ್ತ್ರಿ ಬೇಲಿಯಾಚೆ ಬಂದು ನಿಂತರು.

"ಏನ್ ಮಾರಾಯ್ರೆ, ನಿಧಿ ಸಿಕ್ತಾ?"

"ಕರೆಂಟು ತೆಗೀತಿದೀವಿ" ಎಂದರು ಅಪ್ಪ.

ಮೇಸ್ತ್ರಿ ತಲೆ ಕೆರೆದುಕೊಂಡರು. "ಅದು ನಮ್ಮ ಕಾಫಿಹಣ್ಣಿನ ಸಿಪ್ಪೆ ಮಾರಾಯ್ರೆ. ನಮ್ಮ ಗುಂಡಿ ದೂರ ಅಂತ ಆಳುಗಳು ಬೇಲಿ ದಾಟಿಸಿ ಸುರ್ದು ಮಣ್ಣು ಮುಚ್ಚಿದಾರೆ. ಕೊಳೀತಾ ಕಾವು ಬಂದಿದೆ. ಲೆಕ್ಕ ಬರೆಯೋ ನಮ್ಮ ರೈಟರಿಗೆ ಮಾತ್ರ ಹೇಳ್ಬೇಡಿ."

ಅಣ್ಣ ಗುಂಡಿಯಲ್ಲೇ ಕೂತು ನಗತೊಡಗಿದ. ಅಪ್ಪನೂ ನಕ್ಕರು. ನನಗೆ ಮಾತ್ರ ಅಳು ಬರುವಂತಿತ್ತು.

ನಗು ನಿಂತ ಮೇಲೆ ಅಣ್ಣ ಮೆಲ್ಲಗೆ, "ಇದು ಕೊಳೆತು ಮುಗಿದ್ರೆ ತಣ್ಣಗಾಗತ್ತೆ ಅಪ್ಪಾ. ಅಲ್ಲಿಂದು ಭೂಮಿ ಒಳಗಿನ ಕಾವು" ಎಂದ.

ಅಪ್ಪ ಆ ಬೆಚ್ಚನೆಯ ಸಿಪ್ಪೆಯೊಳಗೆ ಕೈಯಿಟ್ಟು ನೋಡಿದರು. "ಇಷ್ಟು ಬಿಸಿಗೇ ನಾವು ಹಿಂಗೆ ಕುಣಿದ್ವಿ. ನಿಜವಾದ್ದು ಇರೋ ಕಡೆ ಹೋಗಕ್ಕೆ ಬಿಡ್ದೆ ನಿನ್ನ ಇಲ್ಲೇ ಕೂರಿಸ್ಕೊಂಡ್ರೆ ಹೆಂಗೆ? ಹೋಗ್ ಬಾ" ಎಂದರು.

ತಡೆಯಲು ಹೋದ ನಾನೇ ಅವನನ್ನು ಕಳಿಸಿಕೊಟ್ಟಂತಾಯಿತು.

ಮಳೆಗಾಲದಲ್ಲಿ ಅವನ ಮೊದಲ ಕಾಗದ ಬಂತು. ಅಪ್ಪನಿಗೆ ಓದಿ ಹೇಳಿದೆ. ಕೊರೆದ ಬಾವಿಯಿಂದ ಹಬೆ ಮರದೆತ್ತರ ಚಿಮ್ಮಿತಂತೆ. ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಕೂಗಿದರಂತೆ. "ನಾನು 'ಬಂತೋ ಮಾರಾಯಾ' ಎಂದು ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ, ಆದರೂ ಎಲ್ಲರೂ ಬಂದು ತಬ್ಬಿಕೊಂಡರು" ಎಂದು ಬರೆದಿದ್ದ. ಅಪ್ಪ ಆ ಸಾಲನ್ನು ಮೂರು ಸಲ ಓದಿಸಿದರು. ಮೂರನೆಯ ಸಲ ನನ್ನ ಜೊತೆ ಅವರೂ ಕೂಗಿದರು.