ಗಾದಿಯಿಂದ ಎದ್ದ ಕಾಕಾ

ನಾಗರ ಪಂಚಮಿ ಹತ್ತಿರ ಬಂತೆಂದು ಟ್ರಂಕಿನಿಂದ ಒಂದು ಖಣ ತೆಗೆದೆ. ಕುಪ್ಪಸವಾಗದೆ ಉಳಿದ ಖಣಕ್ಕೊಂದು ವಾಸನೆ ಇರುತ್ತದೆ, ಗಂಜಿಯದೋ ಬಣ್ಣದ್ದೋ... ಮೂಗಿಗೆ ಬಡಿದದ್ದೇ ತಡ, ರೋಣದ ಪೇಟೆಯಲ್ಲಿ ನಮ್ಮ ಮನೆಯೆದುರಿಗಿದ್ದ ಅರಬಿ ಅಂಗಡಿ ಕಣ್ಣ ಮುಂದೆ ಬಂತು. ಅರಬಿ ಎಂದರೆ ನಮ್ಮ ಕಡೆ ಬಟ್ಟೆ. ಅದರ ಮಾಲೀಕರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು.

ಕಾಕಾ ನೆಲದ ಗಾದಿಯ ಮೇಲೆ ಲೋಡಿಗೆ ಒರಗಿ ಕೂತರೆ ಯಾರು ಬಂದರೂ ಏಳುತ್ತಿರಲಿಲ್ಲ. ದೊಡ್ಡವರು ಬಂದಾಗ ಎದ್ದು ನಿಂತು ಬರ್ರಿ ಅನ್ನದಿದ್ದರೆ ನಮ್ಮಲ್ಲಿ ಅದಕ್ಕಿಂತ ಅವಮಾನ ಬೇರೆಯಿಲ್ಲ. "ಗಾದಿ ಸಿಕ್ಕೈತಂತ ಅರಸ ಆಗ್ಯಾನ" ಎಂದು ನಮ್ಮವ್ವ ಮೂಗು ಮುರಿಯುತ್ತಿದ್ದಳು. ನನ್ನ ಕಿಟಕಿಗೆ ಮಾತ್ರ ಬೇರೆಯದೇ ಕಾಣುತ್ತಿತ್ತು. ಗಿರಾಕಿಗಳೆಲ್ಲ ಹೋದ ಮೇಲೆ ಕಾಕಾ ಕಂಬ ಹಿಡಿದು, ತುಟಿ ಕಚ್ಚಿ, ಮೊಣಕಾಲುಗಳನ್ನು ಬೈಯುತ್ತ ಮೇಲೇಳುತ್ತಿದ್ದರು. ಕುರ್ಚಿ ಹಾಕಿಕೊಳ್ಳಿ ಎಂದರೆ, "ಇದು ಅರಬಿ ಅಂಗಡಿ ಐತವಾ, ಕಚೇರಿ ಅಲ್ಲ" ಎನ್ನುವ ಹಟ. ಸವೆದ ಕಾಲಿನ ಸುದ್ದಿ ಪೇಟೆಗೆ ತಿಳಿಯಬಾರದು ಎಂಬ ಹಟ ಅದಕ್ಕಿಂತ ದೊಡ್ಡದು.

ಆ ಹಟ ಮಗಳ ಮೇಲೆ ಬಂತು. ಅವಳನ್ನು ನರೇಗಲ್ಲಿಗೆ ಕೊಟ್ಟಿದ್ದರು. ಬೀಗರು ತಮ್ಮ ಕಿರಿಯ ಮಗನ ಲಗ್ನಪತ್ರ ಹಿಡಿದು ಅಂಗಡಿಗೇ ಬಂದಾಗ ಕಾಕಾ ಕೂತಲ್ಲಿಂದಲೇ ಕೈಮುಗಿದರು. ಬೀಗರು ಪತ್ರವನ್ನು ಗಾದಿಯ ಅಂಚಿಗೆ ಇಟ್ಟು, ಚಹಾ ಕುಡಿಯದೆ ಹೊರಟುಹೋದರು. ಆಮೇಲೆ ಪಂಚಮಿಗೆ ಮಗಳು ತವರಿಗೆ ಬರುವುದು ನಿಂತಿತು. ಕಡೆಗೆ ಕಾಕಾ ಮೊಣಕಾಲ ನೋವೆಂದು ಹೇಳಿ ಕಳಿಸಿದರೆ, "ಅರಬಿ ಗಂಟು ಎತ್ತಾಕ ಬರತೈತಿ, ಬೀಗ ಬಂದ್ರ ಏಳಾಕ ಬರೂದಿಲ್ಲೇನು?" ಎಂಬ ಉತ್ತರ ಬಂತು. ಆ ವರ್ಷ ಕಾಕಾರ ಹೆಂಡತಿ ಕಾಕೂ ಹಬ್ಬದ ಉಂಡಿ ಕಟ್ಟಲಿಲ್ಲ, ಜೋಕಾಲಿಯ ಹಗ್ಗ ಅಟ್ಟದಿಂದ ಇಳಿಯಲಿಲ್ಲ. ಕಾಕಾ ಮರುವಾರವೇ ಹುಬ್ಬಳ್ಳಿಗೆ ಹೋಗಿ ಆಪರೇಷನ್ನಿಗೆ ಒಪ್ಪಿಕೊಂಡರು.

ಕೆಲವು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಡಾಕ್ಟರು ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಮೆಟ್ಟಿಲು ಹತ್ತುತ್ತೀರಾ, ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳಿದರಂತೆ. ಎಲ್ಲದಕ್ಕೂ ಚಲೋ ಉತ್ತರವೇ. ಡಾಕ್ಟರು ಖುಷಿಯಾದಾಗ ಕಾಕಾ, "ನಿಮ್ಮ ಮಾರ್ಕು ನೀವು ಬರ್ಕೋರಿ. ಖರೇ ಪರೀಕ್ಷಾ ನರೇಗಲ್‌ದಾಗ ಐತ್ರಿ" ಎಂದರಂತೆ.

"ಅಲ್ಲಿ ಯಾವ ಡಾಕ್ಟ್ರಿಗೆ ತೋರಿಸೀರಿ?" ಎಂದು ಡಾಕ್ಟರು ಗಾಬರಿಯಾದದ್ದನ್ನು ಕಾಕೂ ಓಣಿಗೆಲ್ಲ ಹೇಳಿ ನಗಿಸಿದ್ದಳು.

ನೆಲಕ್ಕೆ ಕೂರಬಾರದೆಂದು ಕಟ್ಟಪ್ಪಣೆಯಾಗಿತ್ತು. ಗಾದಿ ಹೋಗಿ ಅಂಗಡಿಗೆ ಕುರ್ಚಿಯೇ ಬಂತು. ಪಂಕ್ತಿಯಲ್ಲಿ ಊಟಕ್ಕೆ ಕೂರುವುದೂ ತಪ್ಪಿತು. "ಒಬ್ನ ಮ್ಯಾಲೆ ಕುಂತು ಉಂಡ್ರ ಜಾತಿ ಹೊರಗ ಹಾಕಿದಂಗ ಆಗತೈತಿ" ಎಂದು ಗೊಣಗುತ್ತಿದ್ದರು. ಆದರೆ ಹಾಲು ಹಾಕಲು ಬಂದವಳಿಗೂ ಎದ್ದು ನಿಲ್ಲತೊಡಗಿದರು. ಅಷ್ಟು ವರ್ಷದ ಬಾಕಿ ತೀರಿಸುತ್ತಿದ್ದರೇನೋ... ಕರೆಯದೆ ಬೀಗರ ಮನೆಗೆ ಹೋಗುವಂತಿಲ್ಲ. ಅವರೇ ಬರಬೇಕು.

ಕಡಲೆ ಸುಗ್ಗಿಯ ದಿನ. ನಾನು ಖಣ ಆರಿಸುತ್ತಿದ್ದೆ. ಮಾರುಕಟ್ಟೆಗೆ ಕಡಲೆ ತಂದಿದ್ದ ಬೀಗರು ಮುಖ ಆಚೆ ತಿರುಗಿಸಿ ಅಂಗಡಿ ಮುಂದೆ ಹಾದುಹೋದರು. ಕಾಕಾ ಖಣವನ್ನು ನನ್ನ ಕೈಗೆ ತುರುಕಿ ಎದ್ದೇ ಬಿಟ್ಟರು. ಕಂಬ ಹಿಡಿಯಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದು ಎದುರಿಗೆ ನಿಂತರು.

"ಬರ್ರಿ ಬೀಗ್ರ. ಹಿಂಗ ಹಾದು ಹೋದ್ರ ಹ್ಯಾಂಗ?"

ಬೀಗರು ಅವರ ಮುಖ ನೋಡಲಿಲ್ಲ, ಕಾಲು ನೋಡಿದರು. "ಖರೇನ ನೋಯತಿದ್ವೇನ್ರಿ?"

"ಅದು ಹೋಗ್ಲಿ ಬಿಡ್ರಿ. ಆವತ್ತಿನ ಚಾ ಹಂಗ ಉಳದೈತಿ."

ಬೀಗರು ಒಳಗೆ ಬಂದರು. ಅರ್ಧ ಕಪ್ಪು ಕುಡಿದಿರಬೇಕು, "ಈ ಪಂಚಮಿಗಿ ಸೊಸಿನ್ನ ಕಳಸ್ತೇವ್ರಿ" ಎಂದರು. ಕಾಕಾ ತಲೆಯಾಡಿಸಿ ಮತ್ತೊಮ್ಮೆ ಎದ್ದು ನಿಂತರು. ನಾನು ಖಣದ ಬೆಲೆ ಕೇಳುವುದನ್ನೇ ಮರೆತು ಮನೆಗೆ ಬಂದಿದ್ದೆ.

ಆಮೇಲೆ ಯಾವ ಪಂಚಮಿಯೂ ತಪ್ಪಲಿಲ್ಲ. ಹೋದ ವರ್ಷ ಪಂಚಮಿಯಾದ ಮೇಲೆ ಕಾಕಾ ನಿದ್ದೆಯಲ್ಲೇ ಹೋದರು. ನಮ್ಮ ಪದ್ಧತಿಯಂತೆ ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಆ ಕುರ್ಚಿಯ ಮೇಲೇ ಕೂರಿಸಿದ್ದರು. ಹಾರ ಹಿಡಿದು ಬೀಗರು ಬಂದರು. ಹೊಸ್ತಿಲು ದಾಟಿ ಕಾಕಾರ ಕೊರಳಿಗೆ ಹಾಕಿದರು.

"ಕುಂದರ್ರಿ ಬೀಗ್ರ," ಎಂದರು. "ಏಳಬ್ಯಾಡ್ರಿ."

ಅಂಗಡಿಯಲ್ಲೀಗ ಮೊಬೈಲು ಮಾರುತ್ತಾರೆ. ಕಾಕಾ ಇಲ್ಲದ ಮೊದಲ ಪಂಚಮಿಗೆ ಮಗಳು ಸಂಜೆಯ ಬಸ್ಸಿಗೆ ಬರುತ್ತಾಳೆ. ಅವಳ ಉಡಿ ತುಂಬುವಾಗ, ಅಂದು ಕಾಕಾ ನನ್ನ ಕೈಗೆ ತುರುಕಿದ ಈ ಖಣವನ್ನೇ ಹಾಕುತ್ತೇನೆ.